ಕಾಲುವೆಗೆ ಬಿದ್ದ ಚೀಲ

12 ಮಾರ್ಚ್ 2025, ಬುಧವಾರ
ದಾವಣಗೆರೆ ತಾಲ್ಲೂಕು

ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋದ ಹುಡುಗರಿಗೆ ಭದ್ರಾ ಕಾಲುವೆಯ ತೂಬಿನ ಬಾಯಲ್ಲಿ ಫೀಡಿನ ಚೀಲವೊಂದು ಸಿಕ್ಕಿದೆ. ಬಿಚ್ಚಿ ನೋಡಿದರೆ ಒಳಗೆ ಸತ್ತ ಬ್ರಾಯ್ಲರ್ ಕೋಳಿ. ಬರಿಗೈಲಿ ಮುಟ್ಟಬೇಡಿ ಎಂದು ಕೂಗಿ ಹೇಳಿ ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಮಧ್ಯಾಹ್ನ ಡಾಕ್ಟರು ಬಂದು ಸ್ಯಾಂಪಲ್ ತೆಗೆದುಕೊಂಡರು, ಉಳಿದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸಿದರು. ಕೊಕ್ಕರೆ ರೋಗವೋ (ರಾಣಿಖೇತ್), ಮರಿಗಳಿಗೆ ಬರುವ ಗುಂಬೊರೊ ಎಂಬ ವೈರಸ್ ರೋಗವೋ, ಬರೀ ಬಿಸಿಲಿನ ಹೊಡೆತವೋ, ರಿಪೋರ್ಟ್ ಬರಬೇಕು.

ಹಾಕಿದವರು ಯಾರೆಂದು ಹುಡುಕುವುದು ನನ್ನ ಕೆಲಸವಲ್ಲ. ಆದರೆ ಇದೇ ಕಾಲುವೆಯ ನೀರು ಕುಂದವಾಡ ಕೆರೆಗೆ ಹೋಗುತ್ತದೆ, ಅಲ್ಲಿಂದ ದಾವಣಗೆರೆಯವರ ಮನೆ ನಲ್ಲಿಗೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಸಂಜೆ ಹೋಟೆಲ್ ಮುಂದೆ ಕೋಳಿ ಸಾಕುವವರೇ ನಾಲ್ಕು ಜನ ಸೇರಿದ್ದೆವು. ಮೊನ್ನೆ ಮೊನ್ನೆ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂದ ಸುದ್ದಿ ಕೇಳಿದಾಗಿನಿಂದ ಎಲ್ಲರಿಗೂ ಅದೇ ಚಿಂತೆ. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಬನ್ನಿಕೋಡಿನಲ್ಲಿ ಬಂದಿತ್ತು, ಆ ಹೆದರಿಕೆ ಇನ್ನೂ ಯಾರಿಗೂ ಪೂರ್ತಿ ಹೋಗಿಲ್ಲ. ಒಬ್ಬರು ಬಾಯಿಬಿಟ್ಟೇ ಹೇಳಿದರು: "ರೋಗ ಬಂದಿದೆ ಅಂತ ಹೇಳಿದ್ರೆ ನಮ್ ಶೆಡ್ ಒಂದೇ ಅಲ್ಲ, ಒಂದು ಕಿಲೋಮೀಟರಿನೊಳಗಿನ ಕೋಳೀನೆಲ್ಲ ಹೂಳ್ತಾರೆ. ಊರೋರ ಶಾಪ ಯಾರು ಹೊರ್ತಾರೆ?"

ಅವರ ಭಯ ಸುಳ್ಳಲ್ಲ. ಹಕ್ಕಿಜ್ವರ ಖಚಿತವಾದರೆ ಆ ಒಂದು ಕಿಲೋಮೀಟರಿನೊಳಗೆ ಅಜ್ಜಿ ಹಿತ್ತಲಲ್ಲಿ ಸಾಕಿದ ನಾಟಿಕೋಳಿಯನ್ನೂ ಬಿಡುವುದಿಲ್ಲ, ಸುತ್ತ ಹತ್ತು ಕಿಲೋಮೀಟರ್ ನಿಗಾ ಇರುತ್ತದೆ. ಆದರೆ ಪರಿಹಾರ ಸಿಗುವುದು ಸರ್ಕಾರ ಕೊಲ್ಲಿಸಿದ ಕೋಳಿಗೆ. ಅದಕ್ಕೆ ಮೊದಲೇ ಶೆಡ್ಡಿನಲ್ಲಿ ಸತ್ತು ಬಿದ್ದದ್ದಕ್ಕೆ ಒಂದು ಪೈಸೆಯೂ ಇಲ್ಲ. ಮುಚ್ಚಿಟ್ಟುಕೊಂಡು ಎರಡು ದಿನ ಕಾದವನಿಗೆ ಉಳಿಯುವುದು ಹೆಣ ಮಾತ್ರ, ಜೊತೆಗೆ ಪಕ್ಕದವನ ಶೆಡ್ಡೂ ಹೋಗಿರುತ್ತದೆ. ಇದನ್ನು ನಾನು ಎರಡೆರಡು ಸಲ ಬಿಡಿಸಿ ಹೇಳಿದೆ. ಯಾರೂ ಇಲ್ಲವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ.

ಕಾನೂನಿನ ಮಾತೂ ಬಂತು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆಂದು 2009ರ ಕೇಂದ್ರ ಕಾಯ್ದೆ ಇದೆ. ಹಕ್ಕಿಜ್ವರ, ಕೊಕ್ಕರೆ ರೋಗ ಎರಡೂ ಅದರ ಪಟ್ಟಿಯಲ್ಲಿವೆ. ರೋಗ ಇದೆಯೆಂದು ನಂಬಲು ಕಾರಣವಿದ್ದರೆ ಸಾಕು, ಲ್ಯಾಬಿನ ಚೀಟಿಗೆ ಕಾಯುವಂತಿಲ್ಲ, ಊರಿನ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಲೇಬೇಕು. ತಿಳಿಸಬೇಕಾದವರು ಮಾಲೀಕರು, ಇಲ್ಲವೇ ಉಸ್ತುವಾರಿ ಹೊತ್ತವರು. ನಮ್ಮಂಥ ಕಾಂಟ್ರಾಕ್ಟ್ ಸಾಕಣೆಯವರು ಸಿಕ್ಕಿಬೀಳುವುದು ಇಲ್ಲೇ. ಮರಿ ಕಂಪನಿಯದು, ಫೀಡು ಕಂಪನಿಯದು, ಶೆಡ್ಡು ಮತ್ತು ಮೈಗೆಲಸ ನಮ್ಮದು. ಕೋಳಿ ನಮ್ಮದಲ್ಲ ಎಂದು ಜಾರಿಕೊಳ್ಳಲು ಕಾಯ್ದೆ ಬಿಡುವುದಿಲ್ಲ.

ದಂಡ ಮಾತ್ರ ತೀರಾ ಕಡಿಮೆ. ರೋಗ ತಿಳಿಸದಿದ್ದರೆ ಮೊದಲ ತಪ್ಪಿಗೆ ಸಾವಿರ ರೂಪಾಯಿವರೆಗೆ. ರೋಗದಿಂದ ಸತ್ತದ್ದೆಂದು ಗೊತ್ತಿದ್ದೂ ಹೊಳೆಗೋ ಕಾಲುವೆಗೋ ಎಸೆದರೆ ಎರಡು ಸಾವಿರ. ಒಂದು ಬ್ಯಾಚಿನ ನಷ್ಟದ ಮುಂದೆ ಇದು ಯಾವ ಲೆಕ್ಕ? ಮನುಷ್ಯರ ಜೀವಕ್ಕೆ ಅಪಾಯವಾಗುವ ರೋಗವನ್ನು ಅಜಾಗರೂಕತೆಯಿಂದ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಇನ್ನು ನಷ್ಟ ತುಂಬಿಕೊಡಿ ಎಂದು ಪಕ್ಕದವನು ಸಿವಿಲ್ ದಾವೆ ಹೂಡಬಹುದು, ಆದರೆ ರೋಗ ಈ ಶೆಡ್ಡಿಂದಲೇ ಬಂತೆಂದು ತೋರಿಸುವುದು ಹೇಗೆ? ಯಾವ ಗಾಡಿ ಯಾವತ್ತು ಎಲ್ಲಿಂದ ಬಂತು ಎಂದು ಯಾರ ಬಳಿಯೂ ಬರೆದಿಟ್ಟದ್ದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಈ ಗಾಡಿಗಳೇ. ಕೆಲಸದವರು ಮನೆಯಲ್ಲಿ ಕೋಳಿ ಸಾಕಬಾರದು, ಬೂಟಿನ ಹಿಕ್ಕೆ ಉಜ್ಜಿ ತೊಳೆದೇ ಔಷಧಿ ನೀರಿಗೆ ಕಾಲಿಡಬೇಕು (ಹಿಕ್ಕೆ ಅಂಟಿದ್ದರೆ ಔಷಧಿಯ ಶಕ್ತಿ ಕುಂದುತ್ತದೆ), ಬ್ಯಾಚ್ ಮುಗಿದ ಮೇಲೆ ಶೆಡ್ಡು ಖಾಲಿ ಬಿಡಬೇಕು. ಇವೆಲ್ಲ ನಮ್ಮ ಕೈಲಿವೆ, ಮಾಡುತ್ತೇವೆ. ಬೆಳೆದ ಕೋಳಿ ತುಂಬಿಕೊಂಡು ಹೋಗುವ ಲಿಫ್ಟಿಂಗ್ ಲಾರಿ ಮಾತ್ರ ಒಂದೇ ರಾತ್ರಿಗೆ ಮೂರು ಊರಿನ ಶೆಡ್ಡು ಸುತ್ತಿ, ಹಿಕ್ಕೆ ಮೆತ್ತಿದ ಕ್ರೇಟುಗಳನ್ನು ಹೊತ್ತು ನೇರ ಬಾಗಿಲಿಗೆ ಬರುತ್ತದೆ. ಕೋಳಿ ಗೊಬ್ಬರದ ಟ್ರ್ಯಾಕ್ಟರುಗಳು ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಹೋಗಿ ತೊಳೆಯದೆ ವಾಪಸ್ ಬರುತ್ತವೆ. ನಮ್ಮ ಕರಾರಿನಲ್ಲಿ ರೈತ ಏನೇನು ಮಾಡಬೇಕೆಂದು ಪುಟಗಟ್ಟಲೆ ಇದೆ, ಲಾರಿ ತೊಳೆಯುವ ಬಗ್ಗೆ ಒಂದು ಸಾಲಿಲ್ಲ. ರೋಗ ಹೊತ್ತು ತಂದ ಗಾಡಿಯವರಿಗೂ ಹೊಣೆ ಇರಬೇಕು.

ನಾಳಿದ್ದು ನಮ್ಮ ಲಿಫ್ಟಿಂಗ್. ಚಕ್ರ, ಕ್ರೇಟು ತೊಳೆದು ಔಷಧಿ ಹೊಡೆಯದೆ ಗೇಟಿನೊಳಗೆ ಬಿಡುವುದಿಲ್ಲ, ಲಾರಿ ನಂಬರು ಮತ್ತು ಹಿಂದಿನ ಶೆಡ್ಡಿನ ಊರು ಬರೆದು ಡ್ರೈವರ್ ಸಹಿ ಹಾಕಬೇಕು ಎಂದು ಕಂಪನಿಯ ಸೂಪರ್‌ವೈಸರಿಗೆ ಹೇಳಿದೆ. "ಮೇಲಿನವರನ್ನ ಕೇಳ್ಬೇಕು, ಅರ್ಜಿ ಕೊಡಿ" ಅಂದರು. ಬರೆದಿಟ್ಟಿದ್ದೇನೆ. ಒಬ್ಬನೇ ಕೇಳಿದರೆ ಮುಂದಿನ ಬ್ಯಾಚಿಗೆ ಮರಿ ಹಾಕದೆ ಬಿಟ್ಟಾರು, ಅದಕ್ಕೇ ಎಲ್ಲರ ಸಹಿ ಬೇಕು. ಹೋಟೆಲ್ ಮುಂದಿದ್ದವರಲ್ಲಿ ಇಬ್ಬರು ಒಪ್ಪಿದ್ದಾರೆ. ಉಳಿದವರ ಮನೆಗೆ ನಾಳೆಯೇ ಹೋಗಬೇಕು.