ಮ್ಯಾಕ್‌ನಲ್ಲಿ ಕ್ಲೋಸ್ ಮಾಡಿದರೂ ಆ್ಯಪ್ ಯಾಕೆ ಹೋಗಲ್ಲ?

ವರ್ಷಗಟ್ಟಲೆ ವಿಂಡೋಸ್‌ನಲ್ಲಿ ಕೆಲಸ ಮಾಡಿ ಈಗ ಮ್ಯಾಕ್ ಹಿಡಿದವರೆಲ್ಲ ನನ್ನನ್ನು ಕೇಳುವುದು ಇದನ್ನೇ. "ಕೆಂಪು ಬಟನ್ ಒತ್ತಿದೆ, ವಿಂಡೋನೂ ಹೋಯ್ತು. ಆದ್ರೆ ಕೆಳಗೆ ಐಕಾನ್‌ಗಳ ಸಾಲಿನಲ್ಲಿ, ಅದೇ ಡಾಕ್‌ನಲ್ಲಿ, ವರ್ಡ್ ಕೆಳಗಿನ ಚುಕ್ಕಿ ಹಾಗೇ ಇದೆಯಲ್ಲ, ಏನಾದ್ರೂ ಕೆಟ್ಟಿದ್ಯಾ?"

ಕೆಟ್ಟಿಲ್ಲ. ಚುಕ್ಕಿ ಇದೆ ಅಂದರೆ ಆ್ಯಪ್ ಇನ್ನೂ ಓಡುತ್ತಿದೆ ಎಂದರ್ಥ. ನೀವು ಮುಚ್ಚಿದ್ದು ಒಂದು ವಿಂಡೋವನ್ನು, ವರ್ಡ್ ಅನ್ನು ಅಲ್ಲ. ಮ್ಯಾಕ್‌ನಲ್ಲಿ ಇವೆರಡೂ ಬೇರೆ ಬೇರೆ.

ವಿಂಡೋಸ್‌ನಲ್ಲಿ ಎರಡೂ ಒಂದೇ ಅನ್ನಿಸಲು ಕಾರಣ ಇದೆ. ಅಲ್ಲಿ ಮೆನು ವಿಂಡೋದ ನೆತ್ತಿಯ ಮೇಲೇ ಕೂತಿರುತ್ತದೆ. ವಿಂಡೋ ಹೋದರೆ ಮೆನುವೂ ಹೋಯಿತು. ಆಮೇಲೆ ಪ್ರೋಗ್ರಾಂ ಉಳಿದಿದ್ದರೂ ಹಿಡಿಯಲು ಜುಟ್ಟೇ ಇರುವುದಿಲ್ಲ. ಹಾಗಾಗಿ ಕೊನೆಯ ವಿಂಡೋ ಜೊತೆ ಪ್ರೋಗ್ರಾಂ ಕೂಡ ಹೊರಡುವುದೇ ಅಲ್ಲಿ ಸರಿ.

ಮ್ಯಾಕ್‌ನಲ್ಲಿ ಮೆನು ಇರುವುದು ಪರದೆಯ ಮೇಲ್ತುದಿಯಲ್ಲಿ. 1984ರ ಮೊದಲ ಮ್ಯಾಕಿಂತೋಷ್‌ನಿಂದಲೂ ಹಾಗೇ. ಆ ಯಂತ್ರಕ್ಕೆ ಇದ್ದದ್ದು 128 ಕೆಬಿ ಮೆಮೊರಿ. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ, ಅದೂ ಫ್ಲಾಪಿಯಿಂದ ಲೋಡ್ ಆಗಬೇಕು. ಒಂದು ಪತ್ರ ಬರೆದು ಮುಚ್ಚಿದ ಕೂಡಲೇ ಪ್ರೋಗ್ರಾಂ ಕೂಡ ಹೊರಟುಹೋದರೆ, ಇನ್ನೊಂದು ಪತ್ರಕ್ಕಾಗಿ ಮತ್ತೆ ಫ್ಲಾಪಿ ಗುರುಗುಟ್ಟುವುದನ್ನು ಕೇಳುತ್ತಾ ಕೂರಬೇಕಿತ್ತು! ಪತ್ರ ಹೋದರೂ ಮೆನು ಇತ್ತು, ಅಲ್ಲಿಂದಲೇ ಇನ್ನೊಂದು ತೆರೆಯಬಹುದಿತ್ತು. ಕೆಲಸ ಮುಗಿದ ಮೇಲೆ ಕ್ವಿಟ್. ಮ್ಯಾಕ್‌ನ 1991ರ ಆವೃತ್ತಿ ಸಿಸ್ಟಂ 7 ಬರುವಷ್ಟರಲ್ಲಿ ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ತೆರೆದಿಡುವುದು ಮಾಮೂಲಾಯಿತು. 2001ರ ಮ್ಯಾಕ್ ಓಎಸ್ ಟೆನ್‌ನಲ್ಲಿ ಕೆಂಪು, ಹಳದಿ, ಹಸಿರು ಬಟನ್‌ಗಳು ಬಂದವು. ಹಳೇ ನಿಯಮ ಮಾತ್ರ ಹಾಗೇ ಉಳಿಯಿತು.

ಮ್ಯಾಕ್‌ನಲ್ಲಿ ಮುಚ್ಚುವ ಬಟನ್ ಎಡಕ್ಕಿರುವುದು ನನ್ನ ಪ್ರಕಾರ ದೊಡ್ಡ ವಿಷಯವೇ ಅಲ್ಲ, ಕೈ ಬೇಗ ಕಲಿಯುತ್ತದೆ. ಬಲ ಮೂಲೆಯ ಎಕ್ಸ್ ಕೂಡ ಅನಾದಿ ಕಾಲದ್ದೇನಲ್ಲ, ವಿಂಡೋಸ್ 95ರಲ್ಲಿ ಬಂದದ್ದು. ವಿಂಡೋಸ್ 3.1ರಲ್ಲಿ ಎಡ ಮೂಲೆಯ ಪುಟ್ಟ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಬೇಕಿತ್ತು. ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ 2010ರಲ್ಲಿ ಬಟನ್‌ಗಳನ್ನು ಎಡಕ್ಕೆ ಸರಿಸಿತು, ಬಳಸುವವರು ಗಲಾಟೆ ಎಬ್ಬಿಸಿದರು, 2017ರಲ್ಲಿ ವಾಪಸ್ ಬಲಕ್ಕೆ ತಂದಿತು.

ನನಗೆ ಕಿರಿಕಿರಿ ಅನ್ನಿಸುವುದು ಬೇರೆ. ಎರಡೂ ಕಡೆ ನಿಯಮ ಗಟ್ಟಿಯಾಗಿಲ್ಲ. ವಿಂಡೋಸ್‌ನಲ್ಲಿ ನೀವು ಎಕ್ಸ್ ಒತ್ತಿದಾಗ ಸಿಸ್ಟಂ ಆ ಪ್ರೋಗ್ರಾಂಗೆ "ಮುಚ್ಚಬೇಕಂತೆ" ಎಂದು ಒಂದು ಸಂದೇಶ ಕಳಿಸುತ್ತದೆ, ಅಷ್ಟೇ. ಮುಂದಿನದು ಪ್ರೋಗ್ರಾಂ ಬರೆದವರ ಇಷ್ಟ. "ಸೇವ್ ಮಾಡಲೇ?" ಎಂದು ಕೇಳಬಹುದು, ಸುಮ್ನೆ ಹೊರಟುಹೋಗಬಹುದು. ಎಷ್ಟೋ ಚಾಟ್, ಮೀಟಿಂಗ್ ಆ್ಯಪ್‌ಗಳು ಮುಚ್ಚಿದ ಹಾಗೆ ಮಾಡಿ ಗಡಿಯಾರದ ಪಕ್ಕ ಹೋಗಿ ಅವಿತುಕೊಳ್ಳುತ್ತವೆ. ಮ್ಯಾಕ್ ಕೂಡ ಸಾಚಾ ಏನಲ್ಲ. ಆ್ಯಪಲ್‌ನದೇ ಸಿಸ್ಟಂ ಸೆಟ್ಟಿಂಗ್ಸ್ ವಿಂಡೋ ಮುಚ್ಚಿ ನೋಡಿ, ಆ್ಯಪ್ ಪೂರ್ತಿ ಹೊರಟುಹೋಗುತ್ತದೆ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಆ ಕೆಂಪು ಬಟನ್ ನೋಡಿದರೆ ಗೊತ್ತಾಗುವುದೇ ಇಲ್ಲ. ಹೊಸಬರು ತಲೆ ಕೆರೆದುಕೊಂಡರೆ ಅವರ ತಪ್ಪಾ?

ಸರಿ, ಮಾಡಬೇಕಾದ್ದೇನು? ಕಮಾಂಡ್ ಜೊತೆ ಡಬ್ಲ್ಯೂ ಒತ್ತಿದರೆ ವಿಂಡೋ ಮುಚ್ಚುತ್ತದೆ, ಟ್ಯಾಬ್‌ಗಳಿದ್ದರೆ ಎದುರಿಗಿರುವ ಟ್ಯಾಬ್. ಕಮಾಂಡ್ ಜೊತೆ ಕ್ಯೂ ಒತ್ತಿದರೆ ಇಡೀ ಆ್ಯಪ್ ಹೊರಡುತ್ತದೆ. ಕೀಬೋರ್ಡ್‌ನಲ್ಲಿ ಇವೆರಡೂ ಅಕ್ಕಪಕ್ಕ, ಅದೇ ಗ್ರಹಚಾರ. ಒಂದು ಟ್ಯಾಬ್ ಮುಚ್ಚಲು ಹೋಗಿ ಇಡೀ ಬ್ರೌಸರ್ ಕಳೆದುಕೊಳ್ಳದವರು ಕಡಿಮೆ. ಕ್ರೋಮ್ ಬಳಸುವವರು ಅದರ ಮೆನುವಿನಲ್ಲಿ, ಕ್ವಿಟ್ ಆಗುವ ಮೊದಲು ಎಚ್ಚರಿಸುವ ಆಯ್ಕೆಯನ್ನು ಆನ್ ಮಾಡಿಕೊಳ್ಳಿ. ಆಗ ಕಮಾಂಡ್, ಕ್ಯೂ ಎರಡನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಹೊರಡುತ್ತದೆ.

ಹಾಗಂತ ಪ್ರತಿ ಆ್ಯಪನ್ನೂ ಹುಡುಕಿ ಹುಡುಕಿ ಕ್ವಿಟ್ ಮಾಡುತ್ತಾ ಕೂರಬೇಡಿ. ಮ್ಯೂಸಿಕ್ ವಿಂಡೋ ಮುಚ್ಚಿದರೂ ಹಾಡು ಬರುತ್ತಿರುತ್ತದೆ, ಮೇಲ್ ವಿಂಡೋ ಮುಚ್ಚಿದರೂ ಹೊಸ ಮೇಲ್ ಬಂದದ್ದು ಗೊತ್ತಾಗುತ್ತದೆ. ಇದು ಒಮ್ಮೆ ಅಭ್ಯಾಸವಾದರೆ ಪರದೆ ಎಷ್ಟು ಹಗುರ ಅನ್ನಿಸುತ್ತದೆ ಗೊತ್ತಾ? ಸುಮ್ಮನೆ ಕೂತ ಆ್ಯಪ್‌ನ ಮೆಮೊರಿಯನ್ನು ಕುಗ್ಗಿಸಿಡುವ ಏರ್ಪಾಡು ಮ್ಯಾಕ್‌ನ 2013ರ ಆವೃತ್ತಿ ಮ್ಯಾವರಿಕ್ಸ್‌ನಿಂದಲೇ ಇದೆ. ವಿಡಿಯೋ ಎಡಿಟಿಂಗ್‌ನಂಥ ಭಾರದ ಆ್ಯಪ್ ಇದ್ದು, ಮೆಮೊರಿ 8 ಜಿಬಿ ಮಾತ್ರ ಅಂದರೆ ಕೆಲಸ ಮುಗಿದ ಮೇಲೆ ಕ್ವಿಟ್ ಮಾಡಿ. ಉಳಿದವು ಇದ್ದರೆ ಇರಲಿ ಬಿಡಿ.

ಮ್ಯಾಕ್‌ನಿಂದ ವಿಂಡೋಸ್‌ಗೆ ಹೋದವರು ಇಷ್ಟು ಗೋಳಾಡುವುದಿಲ್ಲ. ಒಂದು ಫೈಲ್ ಮುಚ್ಚಿದ್ದಕ್ಕೆ ಎಕ್ಸೆಲ್ ಪೂರ್ತಿ ಹೋಯಿತಲ್ಲ ಎಂದು ಒಂದೆರಡು ದಿನ ಗೊಣಗುತ್ತಾರೆ, ಅಷ್ಟೇ. ಅವರಿಗೆ ಕಂಟ್ರೋಲ್ ಮತ್ತು ಡಬ್ಲ್ಯೂ ಹೇಳಿಕೊಡಿ, ಎಕ್ಸೆಲ್ ಉಳಿದು ಫೈಲ್ ಮಾತ್ರ ಮುಚ್ಚುತ್ತದೆ. ಇಡೀ ವಿಂಡೋ ಮುಚ್ಚಲು ಆಲ್ಟ್ ಮತ್ತು ಎಫ್4. ಇದನ್ನು ಒತ್ತುವಾಗ ಮುಂದೆ ಯಾವುದೂ ತೆರೆದಿಲ್ಲದೆ ಬರೀ ಡೆಸ್ಕ್‌ಟಾಪ್ ಇದ್ದರೆ, ಕಂಪ್ಯೂಟರನ್ನೇ ಆಫ್ ಮಾಡಲೇ ಎಂದು ಕೇಳುತ್ತದೆ. ಗಾಬರಿಯಾಗಬೇಡಿ, ಎಸ್ಕೇಪ್ ಒತ್ತಿದರೆ ಸಾಕು.