ಊರು ಬಿಡಿಸುವ ಕಾಗದಗಳು

ನಿರಾಶ್ರಿತರು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಾಂಬು, ಬೆಂಕಿ, ಜನ ತುಂಬಿದ ದೋಣಿ. ಅದು ಸುಳ್ಳೇನೂ ಅಲ್ಲ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು, 2024 ಮುಗಿಯುವಷ್ಟರಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಆ ಹೊತ್ತಿಗೆ ಇಡೀ ಪ್ರಪಂಚದಲ್ಲಿ ನೆಲೆ ತಪ್ಪಿದವರು 12 ಕೋಟಿ 32 ಲಕ್ಷ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಲೆಕ್ಕ ಕೊಟ್ಟಿತು. ಯುದ್ಧವೇ ದೊಡ್ಡ ಕಾರಣ, ಅದರಲ್ಲಿ ವಾದವಿಲ್ಲ. ಆದರೆ ಸದ್ದಿಲ್ಲದ ಇನ್ನೊಂದು ಕಾರಣ ಇದೆ, ಅದನ್ನು ನಾವು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಎಷ್ಟೋ ಕಡೆ ಜನರನ್ನು ಓಡಿಸುವ ಕೆಲಸ ಶುರುವಾಗುವುದು ಸರ್ಕಾರಿ ಕಚೇರಿಯಲ್ಲಿ. ಬಂದೂಕು ಬರುವುದು ಆಮೇಲೆ.

ಭೂತಾನನ್ನೇ ನೋಡಿ. ಸಂತೋಷದ ದೇಶ ಅಂತ ಹೆಸರು. ಅದರ ದಕ್ಷಿಣ ಭಾಗದಲ್ಲಿ ನೇಪಾಳಿ ಮಾತಾಡುವ ಲೋತ್ಸಂಪಾ ಜನ ಇದ್ದರು, ನಮ್ಮ ಕೊಡಗಿನವರ ಹಾಗೇ ಏಲಕ್ಕಿ, ಕಿತ್ತಳೆ ಬೆಳೆದುಕೊಂಡು. 1985ರಲ್ಲಿ ಹೊಸ ಪೌರತ್ವ ಕಾನೂನು ಬಂತು, 1988ರಲ್ಲಿ ಜನಗಣತಿಯವರು ಮನೆ ಬಾಗಿಲಿಗೆ ಬಂದರು. 1958ರಲ್ಲಿ ಇಲ್ಲೇ ಇದ್ದಿರಿ ಅನ್ನುವುದಕ್ಕೆ ಕಂದಾಯ ಕಟ್ಟಿದ ರಸೀದಿ ತೋರಿಸಿ ಅಂದರು. ಮೂವತ್ತು ವರ್ಷದ ಹಿಂದಿನ ರಸೀದಿ! ನಮ್ಮ ಮನೆಯ ಟ್ರಂಕು ತಡಕಿದರೆ ಸಿಕ್ಕೀತಾ ಅಂತ ಯೋಚಿಸಿದೆ. ಅಜ್ಜನ ಕಾಲದ ಕಾಗದವೆಲ್ಲಾ ಗೆದ್ದಲು ತಿಂದು ಅಂಚು ಮಾತ್ರ ಉಳಿದಿದೆ, ಜಮ್ಮಾ ಬಾಣೆ ಅನ್ನುವ ತಲೆಮಾರಿನ ಜಮೀನಿನ ದಾಖಲೆ ಸರಿ ಮಾಡಿಸಲು ಇವತ್ತಿಗೂ ತಾಲೂಕು ಆಫೀಸಿಗೆ ಅಲೆಯುವವರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ. ಅಲ್ಲಿ ರಸೀದಿ ಇಲ್ಲದವರು ಪರದೇಶಿಗಳಾದರು. 1990ರಲ್ಲಿ ಪ್ರತಿಭಟನೆ ಎದ್ದಿತು, ಸೇನೆ ಬಂತು, ನಮ್ಮಿಷ್ಟದಿಂದಲೇ ದೇಶ ಬಿಡುತ್ತಿದ್ದೇವೆ ಅನ್ನುವ ಫಾರಂಗೆ ಎಷ್ಟೋ ಜನರ ಕೈಯಿಂದ ಸಹಿ ಹಾಕಿಸಿಕೊಂಡರು. ಸುಮಾರು ಒಂದು ಲಕ್ಷ ಜನ ನೇಪಾಳದ ಶಿಬಿರ ಸೇರಿದರು. 2007ರ ನಂತರ ಅವರಲ್ಲಿ ಬಹುಪಾಲು ಮಂದಿ ಅಮೆರಿಕಕ್ಕೂ ಬೇರೆ ದೇಶಗಳಿಗೂ ಹೋದರು. ಮರಳಿ ಊರಿಗೆ ಅಂತ ಹೋಗಲು ಭೂತಾನ್ ಬಿಡಲಿಲ್ಲ.

ಮ್ಯಾನ್ಮಾರಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳದ್ದೂ ಇದೇ ದಾರಿ. 1982ರ ಕಾನೂನಿನಿಂದ ಪೌರತ್ವ ಹೋಯಿತು, 2017ರ ಆಗಸ್ಟ್‌ನಲ್ಲಿ ಸೇನೆ ಊರಿಗೆ ನುಗ್ಗಿತು, ಕೆಲವೇ ತಿಂಗಳಲ್ಲಿ ಏಳು ಲಕ್ಷ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದರು. ನಡುವಿನ 35 ವರ್ಷ ನಾವು ಯಾರೂ ಗಮನ ಕೊಡಲಿಲ್ಲ, ಅಷ್ಟೇ.

ಇಷ್ಟು ದೂರ ಹೋಗುವುದೂ ಬೇಡ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದರೆ ಸುಳ್ಯ. ಅಲ್ಲಿನ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ತಮಿಳರು ಎಲ್ಲಿಂದ ಬಂದವರು ಗೊತ್ತಾ? ಬ್ರಿಟಿಷರು ಅವರ ಹಿರಿಯರನ್ನು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಟೀ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಆ ದೇಶಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಪೌರತ್ವದ ಕಾನೂನು ಮಾಡಿ ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಹೊರಗಿಟ್ಟರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಕೂತು ಇವರನ್ನು ಹಂಚಿಕೊಂಡರು: 5 ಲಕ್ಷ 25 ಸಾವಿರ ನಮಗೆ, 3 ಲಕ್ಷ ನಿಮಗೆ, ಉಳಿದವರ ವಿಷಯ ಆಮೇಲೆ ನೋಡೋಣ. ಇದಕ್ಕೆ ಒಪ್ಪಂದ ಅಂತ ಹೆಸರು. ಹಾಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

ಇನ್ನೊಂದು ಮಾತು. 1951ರ ನಿರಾಶ್ರಿತರ ಒಪ್ಪಂದ ಐದೇ ಕಾರಣ ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ನೆಲವೇ ಜಾರಿ ಹೋದರೆ, ಕಡಲು ಉಕ್ಕಿದರೆ ಅದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ನಮಗಂತೂ ಇದು ವಿಚಿತ್ರ ಅನಿಸುತ್ತದೆ. ಭಾರತ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಕುಶಾಲನಗರದ ಆಚೆ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಇರುವ ಟಿಬೆಟಿನವರಿಗೂ ಸರ್ಕಾರದ ತೀರ್ಮಾನವೇ ಆಧಾರ.

ಈಗ ನಮ್ಮ ಕಾಫಿ ತೋಟಕ್ಕೆ ಬರೋಣ. ಕೊಯ್ಲಿಗೆ ಅಸ್ಸಾಮಿನವರು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ, ಆದರೂ ಅಂಗಡಿ ಮುಂದೆ ನಿಂತವರ ಬಾಯಲ್ಲಿ ಅವರೆಲ್ಲಾ 'ಬಾಂಗ್ಲಾದವರು'. ಆಳುಗಳಿರುವ ನಮ್ಮ ಲೈನ್ ಮನೆಯ ಒಬ್ಬ ಅಸ್ಸಾಮಿನ ಹುಡುಗ ಸಂಜೆ ತೂಕ ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ರೈಟರಿಗೆ ಆಧಾರ್ ತೋರಿಸಲು ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದ. ಆಧಾರ್ ಒಂದೇ ಕೇಳಿದ್ದು. ಅವನು ಅಪ್ಪನ ವೋಟರ್ ಪಟ್ಟಿಯ ಜೆರಾಕ್ಸು, ಪಂಚಾಯ್ತಿ ಸರ್ಟಿಫಿಕೇಟು, ಲ್ಯಾಮಿನೇಟ್ ಮಾಡಿಸಿದ ಅಜ್ಜನ ಹೆಸರಿನ ಒಂದು ಹಾಳೆ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಅಪ್ಪನ ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಕೊಯ್ಲಿನ ಚೀಲ ಹೊತ್ತು ಕಪ್ಪಾದ ಕೈ ತಗುಲಬಾರದು ಅಂತ ಹಾಳೆಯ ಅಂಚನ್ನಷ್ಟೇ ಹಿಡಿದಿದ್ದ.

1971ರ ಮಾರ್ಚ್ 24ರ ಒಳಗೆ ತಾವು ಇಲ್ಲವೇ ತಮ್ಮ ಹಿರಿಯರು ಅಸ್ಸಾಮಿನಲ್ಲೇ ಇದ್ದರು ಅಂತ ಅಲ್ಲಿನವರು ತೋರಿಸಬೇಕಿತ್ತು. 2019ರ ಆಗಸ್ಟ್ 31ರಂದು ಬಂದ ರಾಷ್ಟ್ರೀಯ ಪೌರರ ನೋಂದಣಿ, ಅಂದರೆ ಎನ್‌ಆರ್‌ಸಿ ಪಟ್ಟಿಯಲ್ಲಿ 19 ಲಕ್ಷ ಜನರ ಹೆಸರಿರಲಿಲ್ಲ. ಇವನ ಹೆಸರಿದೆ, ಅಕ್ಕನದ್ದಿಲ್ಲ. ಒಂದೇ ತಾಯಿಯ ಮಕ್ಕಳು! ಅಪೀಲು ಹಾಕಬಹುದಲ್ವಾ ಅಂತ ಕೇಳಿದೆ. ಅದಕ್ಕೆ ಮೊದಲು ನಿಮ್ಮ ಅರ್ಜಿ ತಿರಸ್ಕಾರವಾಗಿದೆ ಅನ್ನುವ ಚೀಟಿ ಕೈಗೆ ಬರಬೇಕಂತೆ. ಆ ಚೀಟಿಯನ್ನು ವರ್ಷಗಟ್ಟಲೆ ಯಾರಿಗೂ ಕೊಡಲೇ ಇಲ್ಲ.