ಮನೆ ವ್ಯಾಯಾಮಕ್ಕೆ ಹಾರ್ಟ್ ರೇಟ್ ಮಾನಿಟರ್: ಮಣಿಕಟ್ಟಿಗೋ, ತೋಳಿಗೋ, ಎದೆಗೋ?

ಹಾರ್ಟ್ ರೇಟ್ ಮಾನಿಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಚೆನ್ನಾಗಿದೆ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು, ಮನೆಯಲ್ಲಿ ಮಾಡುವ ವ್ಯಾಯಾಮ ಯಾವುದು ಅಂತ. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಸರಿಯಾಗಿ ಓದುವ ವಾಚೇ ಸೂರ್ಯನಮಸ್ಕಾರದಲ್ಲಿ ಸುಳ್ಳು ಹೇಳುತ್ತದೆ.

ವಾಚು, ಬ್ಯಾಂಡುಗಳ ಹಿಂಬದಿಯಲ್ಲಿ ಮಿನುಗುವ ಹಸಿರು ಎಲ್‌ಇಡಿ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ಪಕ್ಕದ ಸೆನ್ಸರ್ ಎಷ್ಟು ಬೆಳಕು ಮರಳಿತು ಎಂದು ಅಳೆಯುತ್ತದೆ. ಬಡಿತದ ಜೊತೆ ರಕ್ತ ನುಗ್ಗಿದಾಗ ಮರಳುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತ ತೀರಾ ಸಣ್ಣದು. ಕೈ ಅಲ್ಲಾಡಿದರೆ, ಪಟ್ಟಿ ಸಡಿಲವಾಗಿ ಹೊರಗಿನ ಬೆಳಕು ಒಳಹೊಕ್ಕರೆ, ಸೆನ್ಸರ್ ಕೆಳಗೆ ದಟ್ಟ ಹಚ್ಚೆ ಇದ್ದರೆ ಅದು ಮುಳುಗಿಹೋಗುತ್ತದೆ. ಆಗ ಸಾಫ್ಟ್‌ವೇರ್ ಊಹೆಗೆ ಇಳಿಯುತ್ತದೆ. ಕೆಲವು ಬ್ಯಾಂಡುಗಳನ್ನು ಬಾಳೆಹಣ್ಣಿಗೆ ಕಟ್ಟಿದರೂ ಒಂದು ಅಂಕಿ ಬರುವುದು ಇದೇ ಕಾರಣಕ್ಕೆ. ಪರದೆ ಮೇಲೆ ಅಂಕಿ ಇದೆ ಅಂದಮಾತ್ರಕ್ಕೆ ಅದು ನಾಡಿಯದ್ದೇ ಆಗಬೇಕಿಲ್ಲ.

ಸೂರ್ಯನಮಸ್ಕಾರವನ್ನೇ ನೋಡಿ. ಪರ್ವತಾಸನದಲ್ಲಿ ಮೈಭಾರ ಅಂಗೈ ಮೇಲೆ ಬೀಳುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ವಾಚಿನ ಒಂದು ಅಂಚು ಚರ್ಮಕ್ಕೆ ಒತ್ತಿ ಅಲ್ಲಿನ ರಕ್ತ ಹರಿವನ್ನು ತಡೆದರೆ, ಇನ್ನೊಂದು ಅಂಚು ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಎದೆ 140ರ ವೇಗದಲ್ಲಿ ಬಡಿಯುತ್ತಿದ್ದರೂ ವಾಚು 95 ಎಂದು ತೋರಿಸುತ್ತಾ ಕೂತಿರಬಹುದು. ದಂಡ, ಪುಷ್‌ಅಪ್, ಡಂಬೆಲ್, ರೋಯಿಂಗ್ ಎಲ್ಲದರಲ್ಲೂ ಇದೇ ಪಾಡು: ಮುಷ್ಟಿ ಬಿಗಿದಾಗ ಸ್ನಾಯುರಜ್ಜುಗಳು ಸೆನ್ಸರ್ ಅಡಿಯಲ್ಲೇ ಸರಿದಾಡುತ್ತವೆ.

ಟ್ರೆಡ್‌ಮಿಲ್ ಮೇಲಿನ ತಪ್ಪು ಬೇರೆ ಥರದ್ದು. ಓಡುವಾಗ ಪಾದಗಳು ಒಂದು ನಿಮಿಷಕ್ಕೆ 160-170 ಸಲ ನೆಲಕ್ಕೆ ಬಡಿಯುತ್ತವೆ. ಕೈಗೂ ತಾಗುವ ಹೆಜ್ಜೆಯ ಆ ಲಯವನ್ನೇ ವಾಚು ನಾಡಿ ಅಂದುಕೊಂಡುಬಿಡುತ್ತದೆ. ಹಿಡಿಯುವುದು ಸುಲಭ: ಓಟ ಶುರುವಾದ ಅರ್ಧ ನಿಮಿಷದಲ್ಲೇ ಅಂಕಿ 165ಕ್ಕೆ ಹಾರಿ ಅಲ್ಲೇ ನಿಂತರೆ, ನಡಿಗೆಗೆ ಇಳಿದ ತಕ್ಷಣ ದಬಕ್ಕನೆ ಬಿದ್ದರೆ, ಅದು ಹೆಜ್ಜೆಯ ಲೆಕ್ಕ. ಹೃದಯ ಹಾಗೆ ಒಮ್ಮೆಗೇ ಇಳಿಯುವುದಿಲ್ಲ. ಇನ್ನು ಟ್ರೆಡ್‌ಮಿಲ್ ಹಿಡಿಯಲ್ಲೇ ಇರುವ, ನಾಡಿ ಅಳೆಯುವ ಲೋಹದ ಪಟ್ಟಿಗಳನ್ನು ಮರೆತುಬಿಡಿ. ಅವನ್ನು ಹಿಡಿದುಕೊಂಡು ಓಡುವುದೇ ತಪ್ಪು ಭಂಗಿ.

ಎದೆಪಟ್ಟಿ ಬೆಳಕನ್ನು ನಂಬುವುದಿಲ್ಲ. ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿದು, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಸಮಯ ಅಳೆಯುತ್ತದೆ. ಹಾಗಾಗಿ 30 ಸೆಕೆಂಡ್ ಜೋರು, 30 ಸೆಕೆಂಡ್ ವಿರಾಮದಂಥ ವ್ಯಾಯಾಮದಲ್ಲೂ ಅಂಕಿ ಬೆನ್ನಿಗೇ ಏರಿಳಿಯುತ್ತದೆ. ಮಣಿಕಟ್ಟಿನ ವಾಚು ಅಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ. ಎದೆಗೆ ಕಟ್ಟಿಕೊಳ್ಳುವುದು ಬೇಡ ಅನ್ನುವವರಿಗೆ ನಡುದಾರಿ ಎಂದರೆ ಪೋಲಾರ್ ವೆರಿಟಿ ಸೆನ್ಸ್‌ನಂಥ ತೋಳುಪಟ್ಟಿ. ಇದೂ ಬೆಳಕಿನದೇ, ಆದರೆ ಮೊಣಕೈ ಹತ್ತಿರ ಮಾಂಸ ಜಾಸ್ತಿ, ಅಲುಗಾಟ ಕಡಿಮೆ. ನಡಿಗೆ, ಸೈಕಲ್ ಅಷ್ಟೇ ಮಾಡುವವರು ಇರುವ ವಾಚನ್ನೇ ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ ಬಿಗಿಯಾಗಿ ಕಟ್ಟಿಕೊಂಡರೆ ಸಾಕು, ಹೊಸದಕ್ಕೆ ದುಡ್ಡು ಸುರಿಯಬೇಡಿ.

ಎದೆಪಟ್ಟಿಯೇ ಬೇಕು ಎಂದಾದರೆ ನೋಡಬೇಕಾದ್ದು ಇಷ್ಟು. ಫೋನಿಗೆ ಬ್ಲೂಟೂತ್ ಸಾಕು. ಹಳೆಯ ಸೈಕಲ್ ಕಂಪ್ಯೂಟರ್ ಇದ್ದರೆ ಆ್ಯಂಟ್ ಪ್ಲಸ್ ಎಂಬ ಇನ್ನೊಂದು ಬಗೆಯ ನಿಸ್ತಂತು ಸಂಪರ್ಕವೂ ಬೇಕಾಗಬಹುದು. ಟ್ರೆಡ್‌ಮಿಲ್‌ಗೂ ಫೋನಿಗೂ ಒಟ್ಟಿಗೇ ಬ್ಲೂಟೂತ್ ಸಂಪರ್ಕ ಬೇಕಿದ್ದರೆ ಪೋಲಾರ್ ಎಚ್10 ಎರಡು ಸಂಪರ್ಕ ಕೊಡುತ್ತದೆ, ಎಚ್9 ಒಂದೇ. ಒಂದೇ ಸಾಧನಕ್ಕೆ ಜೋಡಿಸುವುದಾದರೆ ಎಚ್9 ಧಾರಾಳ. ಸೆಲ್ ವಿಷಯದಲ್ಲಿ ಅನೇಕರು ಎಡವುತ್ತಾರೆ: ಈ ಎರಡಕ್ಕೂ ಸಿಆರ್ 2025 ಬೇಕು, ಗಾರ್ಮಿನ್ ಎಚ್‌ಆರ್‌ಎಂ ಡ್ಯುಯಲ್‌ಗೆ ಸಿಆರ್ 2032. ಅಗಲ ಒಂದೇ, 20 ಮಿ.ಮೀ.; ದಪ್ಪ ಮಾತ್ರ 2.5 ಮತ್ತು 3.2 ಮಿ.ಮೀ. ದಪ್ಪದ್ದನ್ನು ತೆಳುವಿನ ಜಾಗಕ್ಕೆ ತುರುಕಿದರೆ ಮುಚ್ಚಳ ಸರಿಯಾಗಿ ಕೂರದೆ ಬೆವರು ಒಳಗಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಸೆನ್ಸರ್ ಗಟ್ಟಿಮುಟ್ಟಾಗಿದ್ದಾಗಲೇ ಬಟ್ಟೆಯ ಪಟ್ಟಿ ಸವೆದುಹೋಗುವುದು ಮಾಮೂಲು.

ಹಾಕಿಕೊಳ್ಳುವ ಕ್ರಮ: ಒಳಬದಿಯ ನುಣುಪಾದ ಎರಡು ಎಲೆಕ್ಟ್ರೋಡ್ ಭಾಗಗಳನ್ನು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ, ಉಸಿರಾಟಕ್ಕೆ ಅಡ್ಡಿಯಾಗದಷ್ಟು ಬಿಗಿಯಾಗಿ ಕಟ್ಟಿ. ಹೆಂಗಸರು ಸ್ಪೋರ್ಟ್ಸ್ ಬ್ರಾದ ಕೆಳಪಟ್ಟಿ ಇದರ ಮೇಲೆ ಹತ್ತಿ ಕೂರದಂತೆ ನೋಡಿಕೊಳ್ಳಬೇಕು. ಅಭ್ಯಂಜನದ ಎಣ್ಣೆ, ಬಾಡಿ ಲೋಷನ್, ಪೌಡರ್ ಮೂರೂ ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವೆ ಗೋಡೆ. ಮೊದಲ ಐದು ನಿಮಿಷ 200 ದಾಟಿ ಹುಚ್ಚುಚ್ಚಾಗಿ ಕುಣಿದು ಬೆವರಿದ ಮೇಲೆ ತೆಪ್ಪಗಾದರೆ, ಸಾಮಾನ್ಯವಾಗಿ ಹೃದಯಕ್ಕೇನೂ ಆಗಿರುವುದಿಲ್ಲ. ಒಣ ಪಟ್ಟಿ, ತಲೆ ಮೇಲೆ ಫ್ಯಾನು, ಮೈಗೆ ಉಜ್ಜುವ ಪಾಲಿಯೆಸ್ಟರ್ ಟೀಶರ್ಟು ಸೇರಿ ಎಬ್ಬಿಸಿದ ಗದ್ದಲ ಅದು. ಆದರೆ ತಲೆಸುತ್ತು, ಎದೆನೋವು ಜೊತೆಗಿದ್ದರೆ ಪಟ್ಟಿಯನ್ನು ದೂರುತ್ತಾ ಕೂರಬೇಡಿ, ವ್ಯಾಯಾಮ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಪೇಸ್‌ಮೇಕರ್ ಇರುವವರು ಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು.

ಹೊಸದು ಬಂದ ದಿನವೇ ಬೆರಳಿನಿಂದ ಪರೀಕ್ಷಿಸಿ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ನಾಡಿಯನ್ನು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನಾಲ್ಕೈದು ಬಡಿತದ ವ್ಯತ್ಯಾಸ ಸಹಜ. ಆಮೇಲೆ ಜೋರಾಗಿ ಮೆಟ್ಟಿಲು ಹತ್ತಿ, ನಿಂತ ತಕ್ಷಣ 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿ. ಇಲ್ಲಿ ಒಂದು ಬಡಿತ ತಪ್ಪಿದರೂ ಲೆಕ್ಕ 6 ಏರುಪೇರಾಗುತ್ತದೆ, ಅಷ್ಟನ್ನು ಮನ್ನಿಸಿ. ಆದರೆ 20-30ರ ಅಂತರ ಪದೇ ಪದೇ ಬಂದರೆ ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಕಳಿಸಿಬಿಡಿ.

ಅಂಕಿ ಸರಿಯಿದ್ದರೂ ಆ್ಯಪ್ ತೋರಿಸುವ ವಲಯಗಳು (ಗರಿಷ್ಠ ಬಡಿತದ ಮೇಲೆ ಲೆಕ್ಕ ಹಾಕಿದ ವ್ಯಾಯಾಮದ ತೀವ್ರತೆಯ ಹಂತಗಳು) ತಪ್ಪಿರಬಹುದು. ಅನೇಕ ಆ್ಯಪ್‌ಗಳು 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಹೇಳುತ್ತವೆ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು ಇನ್ನೊಂದು ಸೂತ್ರ. 60 ವರ್ಷದವರಿಗೆ ಮೊದಲನೆಯದು 160, ಎರಡನೆಯದು 166. ಎರಡೂ ಸರಾಸರಿಯೇ, ಒಬ್ಬೊಬ್ಬರದು ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ಬಿಪಿಗೆಂದು ಮೆಟೊಪ್ರೊಲೊಲ್, ಅಟೆನೊಲೊಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ಬಡಿತವನ್ನು ಮಾತ್ರೆಯೇ ತಗ್ಗಿಸಿಡುತ್ತದೆ, ಅವರಿಗೆ ಈ ಸೂತ್ರಗಳು ಹೊಂದುವುದಿಲ್ಲ. ಆ್ಯಪ್ ಹೇಳುವ ಕ್ಯಾಲೊರಿ ಲೆಕ್ಕವಂತೂ ಬರೀ ಅಂದಾಜು.

ವ್ಯಾಯಾಮ ಮುಗಿದೊಡನೆ ಸೆನ್ಸರನ್ನು ಪಟ್ಟಿಯಿಂದ ಬಿಚ್ಚಿಡಿ. ಒದ್ದೆ ಪಟ್ಟಿಗೆ ಸಿಕ್ಕಿಕೊಂಡೇ ಇದ್ದರೆ ಇನ್ನೂ ಮೈಮೇಲಿದೆ ಅಂದುಕೊಂಡು ಅದು ಎಚ್ಚರವಾಗಿಯೇ ಇದ್ದು ಸೆಲ್ ತಿನ್ನುತ್ತದೆ. ಪಟ್ಟಿಯನ್ನು ನಲ್ಲಿ ನೀರಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ವಾರಕ್ಕೊಮ್ಮೆ ಸಾಬೂನು ಹಾಕಬಹುದು, ಬಟ್ಟೆ ಮೆದುವಾಗಿಸುವ ದ್ರವ ಬೇಡ. ಮಂಗಳೂರು, ಕಾರವಾರದ ಕಡೆಯ ತೇವದಲ್ಲಿ ಟಿಚ್ ಬಟನ್‌ಗಳು ಬೇಗ ಹಸಿರುಗಟ್ಟುತ್ತವೆ. ಪ್ರತಿ ಸಲ ಒಣ ಬಟ್ಟೆಯಲ್ಲಿ ಒರೆಸಿಡಿ. ಸಂಕೇತ ಆಗಾಗ ಕಡಿದುಹೋಗತೊಡಗಿದರೆ ಮೊದಲು ಸೆಲ್ ಬದಲಿಸಿ. ಆಗಲೂ ಸರಿಹೋಗದಿದ್ದರೆ ಹೊಸ ಪಟ್ಟಿ ತರಿಸಿ, ಸೆನ್ಸರ್ ಎಸೆಯುವ ಮಾತು ಆಮೇಲಿನದು.